ಪ್ರೂಫ್ ನಿಮ್ಮ ಫೋನಿಗೆ ಬರುವುದು ಮೊದಲು ನಿಲ್ಲಲಿ

ಪ್ರಶ್ನೆ: ಉಡುಪಿಯಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಎಂಟು ಜನ ಕೆಲಸದವರು. ಮದುವೆ ಕಾಗದ, ದೇವಸ್ಥಾನಗಳ ಆಮಂತ್ರಣ, ಬಿಲ್ ಬುಕ್ಕು, ಶಾಲೆಗಳ ವಾರ್ಷಿಕ ಸಂಚಿಕೆ, ಹೀಗೆ ಕೆಲಸ. ಒಂದೂವರೆ ವರ್ಷದ ಹಿಂದೆ ಇಬ್ಬರು ಬಿಟ್ಟುಹೋದರು, ಉಳಿದವರೇ ಸುಧಾರಿಸಿಕೊಂಡರು. ಕಳೆದ ಸೀಸನ್‌ನಲ್ಲಿ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣದಲ್ಲಿ ತಾರೀಕು ಸರಿಯಿದ್ದು ವಾರ ತಪ್ಪಿತು. 3,000 ಪ್ರತಿ ಪುನಃ ಮಾಡಿಕೊಡಬೇಕಾಯಿತು. ಆಮೇಲಿಂದ ಪ್ರತಿ ಪ್ರೂಫೂ (ಅಚ್ಚಿಗೆ ಮೊದಲು ತಪ್ಪು ನೋಡುವ ಪ್ರತಿ) ನನ್ನ ವಾಟ್ಸಾಪಿಗೆ ಬಂದು, ನಾನು ಓಕೆ ಹೇಳಿದ ಮೇಲೆಯೇ ಅಚ್ಚಿನ ಪ್ಲೇಟ್ ಹಾಕುವುದು ಎಂದು ಮಾಡಿದ್ದೇನೆ. ಈಗ ಆರ್ಡರಿಗೆ ಕೊರತೆಯಿಲ್ಲ, ಜನರಲ್ಲಿ ಮಾತ್ರ ಜೀವವೇ ಇಲ್ಲ. ಹೇಳಿದ್ದಕ್ಕೆಲ್ಲ 'ಆಯ್ತು ಸರ್'. ನನ್ನ ಮೆಷಿನ್‌ಮ್ಯಾನ್ 19 ವರ್ಷದಿಂದ ಇರುವವರು; ಮೊದಲು ಬಣ್ಣ ಸ್ವಲ್ಪ ಆಚೀಚೆ ಆದರೂ ರಾತ್ರಿ ಫೋನ್ ಮಾಡುತ್ತಿದ್ದರು, ಈಗ ಕೊಟ್ಟದ್ದನ್ನು ಓಡಿಸಿ ಮನೆಗೆ ಹೋಗುತ್ತಾರೆ. ದೀಪಾವಳಿಗೆ ಬೋನಸ್ ಹೆಚ್ಚು ಕೊಟ್ಟೆ. ಎಲ್ಲರನ್ನೂ ಆಗುಂಬೆ, ಶೃಂಗೇರಿಗೆ ಕರೆದುಕೊಂಡು ಹೋದೆ. ಒಬ್ಬ ತರಬೇತುದಾರರನ್ನು ಕರೆಸಿ ಒಂದು ದಿನದ ಭಾಷಣ ಮಾಡಿಸಿದೆ. ವಾರದೊಳಗೆ ಎಲ್ಲ ಮೊದಲಿನಂತೆಯೇ. ಇನ್ನೇನು ಮಾಡಲಿ?

ಉತ್ತರ: ಪ್ರವಾಸ, ಬೋನಸ್, ಭಾಷಣ ಯಾವುದೂ ಹಿಡಿಯಲಿಲ್ಲ ಎಂದು ನೊಂದು ಬರೆದಿದ್ದೀರಿ. ಪ್ರೂಫಿನ ವಿಚಾರ ನಡುವೆ ಎರಡು ಸಾಲಿನಲ್ಲಿ ಬಂದು ಹೋಗಿದೆ. ನಾನು ಮತ್ತೆ ಮತ್ತೆ ಓದಿದ್ದು ಆ ಎರಡು ಸಾಲನ್ನು.

ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಜಗಲಿಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹಂಚು ಒಡೆದಿರುವುದು ಕಡಿಮೆ. ಒಡೆದದ್ದು ಎಲ್ಲೋ ಮೇಲೆ ಇರುತ್ತದೆ. ನೀರು ಹಂಚಿನಡಿಯ ಮರದ ಪಕ್ಕಾಸಿನ ಮೇಲೆ ಹರಿದುಬಂದು ಇನ್ನೆಲ್ಲೋ ಬೀಳುತ್ತದೆ. ಬೀಳುವಲ್ಲಿ ಬಾಲ್ದಿ ಇಡಬಹುದು, ಅದು ತುಂಬುತ್ತಲೇ ಇರುತ್ತದೆ. ನಿಮ್ಮ ಪ್ರವಾಸವೂ ಬೋನಸ್ಸೂ ಬಾಲ್ದಿಗಳು. ಇಟ್ಟದ್ದು ತಪ್ಪಲ್ಲ, ಆದರೆ ಮಾಡು, ಅಂದರೆ ಛಾವಣಿ, ಹತ್ತಿ ನೋಡುವುದು ಬಾಕಿ ಇದೆ.

ನಿಮ್ಮ ಪ್ರೆಸ್ಸನ್ನು ನಾನು ನೋಡಿಲ್ಲ, ಅಲ್ಲಿನ ಒಂದು ದಿನವನ್ನು ಮಾತ್ರ ಊಹಿಸಬಲ್ಲೆ. ಬೆಳಿಗ್ಗೆ ಹನ್ನೊಂದಕ್ಕೆ ಡಿಸೈನ್ ಮಾಡುವ ಹುಡುಗಿ ಒಂದು ಗೃಹಪ್ರವೇಶದ ಕಾಗದ ಮುಗಿಸಿ ನಿಮಗೆ ಕಳಿಸುತ್ತಾಳೆ. ನೀವು ಆಗ ಪೇಪರ್ ತರಲು ಮಂಗಳೂರಿಗೆ ಹೋಗಿರುತ್ತೀರಿ, ಅಥವಾ ಕುಂದಾಪುರದಲ್ಲಿ ಯಾರದೋ ಆರ್ಡರ್ ಹಿಡಿಯುತ್ತಿರುತ್ತೀರಿ. ಸ್ಕೂಟರ್ ನಿಲ್ಲಿಸಿ ನೋಡುವ ಹೊತ್ತಿಗೆ ಮೂರೂವರೆ. 'ಅಜ್ಜಿಯ ಹೆಸರು ಸ್ವಲ್ಪ ದಪ್ಪ ಮಾಡಿ' ಎಂದು ಬರೆಯುತ್ತೀರಿ. ಅದು ತಿದ್ದಿ, ಪುನಃ ಕಳಿಸಿ, ಓಕೆ ಬಂದು, ಪ್ಲೇಟ್ ಆಗಿ, ಮೆಷಿನ್ ತಿರುಗುವಾಗ ಐದು ಗಂಟೆ. ಹನ್ನೊಂದರಿಂದ ಐದರವರೆಗೆ ನಿಮ್ಮ ಮೆಷಿನ್‌ಮ್ಯಾನ್ ಮೆಷಿನ್ ಬದಿಯಲ್ಲಿ ಬಟ್ಟೆ ಹಿಡಿದು ರೋಲರ್ ಒರೆಸುತ್ತ ನಿಂತಿದ್ದಾರೆ. ಐದಾದ ಮೇಲೆ ಓಡು, ಓಡು. ಬೈಂಡಿಂಗ್‌ನವರು ಕೊನೆಯ ಬಸ್ಸಿನ ಲೆಕ್ಕ ಹಾಕುತ್ತ ಮಡಚುತ್ತಾರೆ. ಮರುದಿನ ತಡವಾಗಿ ಬಂದರೆ ನಿಮಗೆ ಅದು ಉತ್ಸಾಹ ಕಳೆದುಕೊಂಡಂತೆ ಕಾಣುತ್ತದೆ.

ದುಡಿದು ಬಂದ ಸುಸ್ತು ನಿದ್ದೆಯಲ್ಲಿ ಇಳಿಯುತ್ತದೆ, ಕಾದು ಬಂದದ್ದು ಇಳಿಯುವುದಿಲ್ಲ. ಹೊತ್ತುಹೊತ್ತಿಗೆ ಕೆಲಸ ನಿಲ್ಲಿಸಿ ಇನ್ನೊಬ್ಬರ ಅಪ್ಪಣೆಗೆ ಕಾಯುವವನಿಗೆ ಒಂದು ತಿಂಗಳಲ್ಲಿ ತಾನು ಕೆಲಸಗಾರನಲ್ಲ, ಸ್ವಿಚ್ಚು ಎನಿಸಲು ಶುರುವಾಗುತ್ತದೆ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಮಂಗಳೂರಿನ ಒಂದು ಕಚೇರಿಯಲ್ಲಿ ಆರು ಜನರ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಪತ್ರದಲ್ಲಿ ಮೊತ್ತ ತಪ್ಪಿ ದೊಡ್ಡ ಗಲಾಟೆಯಾಯಿತು. ನಾನೂ ನಿಮ್ಮ ಹಾಗೆಯೇ ಮಾಡಿದೆ: ಹೊರಗೆ ಹೋಗುವ ಪ್ರತಿ ಕಾಗದವೂ ನನ್ನ ಮೇಜಿನ ಮೇಲಿಂದಲೇ. ಮೂರು ತಿಂಗಳಲ್ಲಿ ತಪ್ಪುಗಳು ಹೆಚ್ಚಾದವು. ನನಗೆ ಅರ್ಥವೇ ಆಗಲಿಲ್ಲ. ಒಂದು ದಿನ ವಿಭಾಗದ ಹಿರಿಯ ಗುಮಾಸ್ತೆಯನ್ನು ಕರೆದು, ಇಷ್ಟು ದೊಡ್ಡ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ. ಆಕೆ ಬೇಸರವನ್ನೂ ತೋರಿಸದೆ, ಸಿಟ್ಟನ್ನೂ ತೋರಿಸದೆ, 'ನೀವು ಹೇಗೂ ನೋಡ್ತೀರಲ್ಲ ಸರ್' ಎಂದರು.

ಆ ಮಾತು ಇವತ್ತಿಗೂ ನನ್ನ ಜೊತೆ ಇದೆ. ಮೇಲೆ ಇನ್ನೊಂದು ಕಣ್ಣಿದೆ ಎಂದು ಗೊತ್ತಾದ ಕೂಡಲೇ ಕೆಳಗಿನ ಕಣ್ಣು ಸಡಿಲವಾಗುತ್ತದೆ. ಸೋಮಾರಿತನ ಎಂದು ಅದನ್ನು ಬೈಯುವುದು ಅನ್ಯಾಯ. ಯಾರ ಮನಸ್ಸಾದರೂ ಹಾಗೆಯೇ. ಜವಾಬ್ದಾರಿಯನ್ನು ನಾನು ಮೇಲಕ್ಕೆ ಎಳೆದುಕೊಂಡಿದ್ದೆ, ಅದರ ಜೊತೆಗೆ ಅವರ ಕೆಲಸದ ಹೆಮ್ಮೆಯೂ ನನ್ನ ಮೇಜಿಗೆ ಬಂದು ಬಿದ್ದಿತ್ತು. ನನ್ನ ಮೇಜಿನ ಮೇಲೆ ಅದು ಯಾರಿಗೂ ಉಪಯೋಗವಿರಲಿಲ್ಲ.

ಈಗ ನಿಮ್ಮ ಮೆಷಿನ್‌ಮ್ಯಾನ್ ವಿಚಾರಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅವರೇ. ನಾಲ್ಕು ಬಣ್ಣದ ಕೆಲಸದಲ್ಲಿ ಹಾಳೆಯ ಅಂಚಿನ ರಿಜಿಸ್ಟರ್ ಗುರುತು ಒಂದರ ಮೇಲೊಂದು ಕೂತಿದೆಯೇ ಎಂದು ಲೆನ್ಸ್ ಇಟ್ಟು ಬಗ್ಗಿ ನೋಡುವವರನ್ನು ನೀವು ದಿನಾ ನೋಡಿದ್ದೀರಿ. ಕೂದಲೆಳೆಯಷ್ಟು ಜಾರಿದರೂ ದೇವರ ಮುಖ ಮಬ್ಬಾಗುತ್ತದೆ. ಗಿರಾಕಿಗೆ ಅದು ಗೊತ್ತಾಗುವುದಿಲ್ಲ. ನಿಮಗೂ ಎಷ್ಟೋ ಸಲ ಗೊತ್ತಾಗಿರಲಿಕ್ಕಿಲ್ಲ. ಅವರಿಗೆ ಗೊತ್ತಾಗುತ್ತಿತ್ತು, ಅದಕ್ಕೇ ರಾತ್ರಿ ಫೋನ್ ಮಾಡುತ್ತಿದ್ದರು. ಆ ಫೋನ್ ನಿಂತದ್ದು ಯಾವ ತಿಂಗಳಲ್ಲಿ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ವಾಟ್ಸಾಪ್ ನಿಯಮ ಬಂದ ಆಸುಪಾಸಿನಲ್ಲೇ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ವಾರ ತಪ್ಪಿದ್ದು ಅಕ್ಷರದ ತಪ್ಪು, ಮೆಷಿನ್ನಿನದ್ದಲ್ಲ. ಶಿಕ್ಷೆ ಮಾತ್ರ ಎಲ್ಲರಿಗೂ ಸಮನಾಗಿ ಬಿತ್ತು.

ತಪ್ಪಿನ ಬಗ್ಗೆ ಇನ್ನೊಂದು ಮಾತು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳು ಕಡಿಮೆ ಇರಬೇಕಲ್ಲ? ಲೆಕ್ಕದಲ್ಲಿ ಅವರದ್ದೇ ಹೆಚ್ಚು ಬಂತು. ಒಳಹೊಕ್ಕು ನೋಡಿದಾಗ ತಿಳಿದದ್ದು, ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಹೆದರಿಕೆ ಇದ್ದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮಲ್ಲಿ ಕಳೆದ ಆರು ತಿಂಗಳಲ್ಲಿ ಯಾರಾದರೂ ತಾವಾಗಿಯೇ ಬಂದು 'ಸರ್, ನನ್ನಿಂದ ಇದೊಂದು ತಪ್ಪಾಗಿದೆ' ಎಂದಿದ್ದಾರೆಯೇ? ಯಾರೂ ಹೇಳಿಲ್ಲವಾದರೆ ತಪ್ಪು ಆಗಲಿಲ್ಲ ಎಂದಲ್ಲ.

ಮಾಡು ಹತ್ತಿದ ಮೇಲೆ ಎರಡನೇ ಒಡಕು ಹಂಚನ್ನೂ ನೋಡಬೇಕು. ಇಬ್ಬರು ಹೋದರು, ಇದ್ದವರು ಸುಧಾರಿಸಿಕೊಂಡರು ಎಂದಿರಿ. ಆ ಇಬ್ಬರ ಸಂಬಳ ತಿಂಗಳು ತಿಂಗಳು ಉಳಿಯಿತಲ್ಲ, ಅದರಲ್ಲಿ ಎಷ್ಟು ಇವರಿಗೆ ಬಂತು? ಖಾರವಾಗಿ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಈ ಲೆಕ್ಕ ಹಾಕಿರದೆ ಇರಬಹುದು, ಆ ಎಂಟು ಜನ ಖಂಡಿತ ಹಾಕಿದ್ದಾರೆ. ಹತ್ತು ಜನರ ಕೆಲಸವನ್ನು ಎಂಟು ಜನ ಮೂರು ತಿಂಗಳು ಮಾಡಿದರೆ ಅದು ಸಹಕಾರ. ಒಂದೂವರೆ ವರ್ಷ ಮಾಡಿದರೆ ಅದು ವ್ಯವಸ್ಥೆ, ಮತ್ತು ವ್ಯವಸ್ಥೆಗೆ ಸಂಬಳ ಬೇಕು. ದೀಪಾವಳಿಯ ಬೋನಸ್ ಕೊಡುವವರ ಪ್ರೀತಿ. ತಿಂಗಳ ಸಂಬಳದಲ್ಲಿ ಸೇರುವುದು ಅವರ ಹಕ್ಕು. ಎರಡರ ತೂಕ ಬೇರೆ. ಒಬ್ಬರನ್ನಾದರೂ ಹೊಸದಾಗಿ ತೆಗೆದುಕೊಳ್ಳಿ, ಅಥವಾ ಉಳಿದ ಹಣದ ಒಂದು ಪಾಲನ್ನು ಸಂಬಳಕ್ಕೆ ಸೇರಿಸಿ. ಇದನ್ನು ಮಾಡದೆ ಮುಂದಿನ ಯಾವ ಸಲಹೆಯನ್ನೂ ಹಿಡಿಯಬೇಡಿ, ಫಲ ಸಿಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಸಂಬಳ ನ್ಯಾಯವಾಗಿರಲಿ, ಆದರೆ ಪ್ರತಿ ಸಣ್ಣ ಕೆಲಸಕ್ಕೂ ಇಷ್ಟು ಇನಾಮು ಎಂದು ಕಟ್ಟಬೇಡಿ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಆಟದ ಒಗಟು ಬಿಡಿಸಲು ಹಣ ಕೊಟ್ಟರು. ಹಣ ನಿಂತ ಮೇಲೆ, ಬಿಡುವಿನ ಹೊತ್ತಿನಲ್ಲಿ ಆ ಒಗಟನ್ನು ಅವರು ಮೊದಲಿಗಿಂತ ಕಡಿಮೆ ಮುಟ್ಟಿದರು. ಇಷ್ಟಪಟ್ಟು ಮಾಡುತ್ತಿದ್ದುದಕ್ಕೆ ಬೆಲೆಚೀಟಿ ಅಂಟಿಸಿದರೆ ಇಷ್ಟ ಸವೆಯುತ್ತದೆ. ನಿಮ್ಮ ಮೆಷಿನ್‌ಮ್ಯಾನ್ ರಾತ್ರಿ ಮಾಡುತ್ತಿದ್ದ ಫೋನಿಗೆ ಐವತ್ತು ರೂಪಾಯಿ ಕೊಟ್ಟಿದ್ದರೆ ಅದು ಅವತ್ತೇ ನಿಲ್ಲುತ್ತಿತ್ತು.

ಇನ್ನು ಮಾತಾಡುವುದು. ಎಲ್ಲರನ್ನೂ ಸೇರಿಸಿ 'ಏನು ಸಮಸ್ಯೆ, ಮನಸ್ಸು ಬಿಚ್ಚಿ ಹೇಳಿ' ಎಂದರೆ ಎಂಟು ಜನ ನೆಲ ನೋಡುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ, ನಿಮ್ಮ ಕ್ಯಾಬಿನ್ನಿನಲ್ಲಿ ಬೇಡ. ಹತ್ತಿರದ ಹೋಟೆಲಿನಲ್ಲಿ ಒಂದು ಬನ್ಸು, ಚಾ ಹೇಳಿ. ಮನೆಯಲ್ಲಿ ಅವರು ಯಾವ ಭಾಷೆ ಆಡುತ್ತಾರೋ ಅದರಲ್ಲೇ ಶುರುಮಾಡಿ. ತುಳುವಿನಲ್ಲಿ ಜಗಳ ಆಡಬಲ್ಲವರು ಆಫೀಸಿನ ಕನ್ನಡದಲ್ಲಿ 'ಆಯ್ತು ಸರ್' ಮಾತ್ರ ಹೇಳುತ್ತಾರೆ. 'ಉತ್ಸಾಹ ಯಾಕೆ ಕಡಿಮೆಯಾಗಿದೆ' ಎಂದು ಕೇಳಬೇಡಿ, ಅದು ಪ್ರಶ್ನೆಯ ವೇಷದಲ್ಲಿರುವ ದೂರು. 'ನಿನ್ನೆ ನಿಮ್ಮ ಕೆಲಸ ಎಲ್ಲೆಲ್ಲಿ ನಿಂತಿತು?' ಎಂದು ಕೇಳಿ. ನಿನ್ನೆಯದು ಮಾತ್ರ. ಮೊದಲ ಉತ್ತರ 'ದಾಲ ಇಜ್ಜಿ' ಎಂದೇ ಬರುತ್ತದೆ, ಏನಿಲ್ಲ ಅಂತ. ಆಮೇಲೆ ನೀವು ಸುಮ್ಮನೆ ಕೂರಬೇಕು. ಚಾ ಅರ್ಧವಾಗುವ ಹೊತ್ತಿಗೆ ಫೀಡರಿನ ರಬ್ಬರ್ ಸವೆದು ಎರಡೆರಡು ಹಾಳೆ ಹೋಗುತ್ತಿರುವುದು, ಫ್ಯಾನ್ ಕೆಟ್ಟು ಎರಡು ತಿಂಗಳಾದದ್ದು, ನೀವು ಒಂದು ದಿನ ಗಿರಾಕಿಯ ಎದುರಿಗೆ ಬೈದದ್ದು ಹೊರಗೆ ಬರುತ್ತದೆ. ಬರೆದುಕೊಳ್ಳಿ, ವಾದಿಸಬೇಡಿ. ಬೈದದ್ದು ನಿಜವಾದರೆ ಅಲ್ಲೇ ತಪ್ಪಾಯಿತು ಎನ್ನಿ.

ಬಂದ ಪಟ್ಟಿಯಲ್ಲಿ 48 ಗಂಟೆಯೊಳಗೆ ಸರಿಮಾಡಬಹುದಾದ ಎರಡನ್ನು ಹುಡುಕಿ ಮಾಡಿಬಿಡಿ. ಫ್ಯಾನು, ಫೀಡರಿನ ರಬ್ಬರು, ಅಷ್ಟೇ. ಹೇಳಿದ ಮಾತಿಗೆ ಅರ್ಥವಿದೆ ಎಂದು ಒಮ್ಮೆ ಗೊತ್ತಾದರೆ ದೊಡ್ಡ ಮಾತುಗಳು ತಾವಾಗಿ ಬರುತ್ತವೆ.

ಆ ಮೇಲೆ ಪ್ರೂಫಿನ ನಿಯಮ. ಇದನ್ನು ಮೆಲ್ಲಗೆ ಸಡಿಲಿಸಬೇಡಿ, ಎಲ್ಲರೆದುರು ತೆಗೆಯಿರಿ. ನಿಯಮ ತಂದವರು ನೀವು, ಸಿಟ್ಟಿನಲ್ಲಿ ತಂದಿರಿ, ಅದರಿಂದ ಎಲ್ಲರ ದಿನ ಹಾಳಾಯಿತು ಎಂದು ನಿಮ್ಮ ಬಾಯಲ್ಲೇ ಬರಲಿ. ಅದರ ಜಾಗದಲ್ಲಿ ಏನಿರಬೇಕು ಎಂಬುದನ್ನು ಅವರೇ ಕಟ್ಟಲಿ, ನಾನು ಕಂಡು ಮೆಚ್ಚಿದ ಒಂದು ಕ್ರಮವನ್ನು ಹೇಳುತ್ತೇನೆ. ಡಿಸೈನ್ ಮಾಡಿದವರು ತಾವೇ ಪ್ರೂಫ್ ನೋಡುವುದಿಲ್ಲ. ಇನ್ನೊಬ್ಬರು ಗಿರಾಕಿ ಕೊಟ್ಟ ಕೈಬರಹದ ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ, ಇವರು ಪ್ರೂಫಿನ ಮೇಲೆ ಬೆರಳಿಡುತ್ತ ಹೋಗುತ್ತಾರೆ. ತಾರೀಕು ಬಂದಾಗ ಕ್ಯಾಲೆಂಡರ್ ತೆಗೆದು ವಾರ ನೋಡುವುದು ಕಡ್ಡಾಯ. ಬ್ರಹ್ಮಕಲಶದ ಆಮಂತ್ರಣದಲ್ಲಿ ಸಮಿತಿಯ ಹೆಸರುಗಳನ್ನು ಎಣಿಸುವುದು ಕಡ್ಡಾಯ. ಒಂದು ಹೆಸರು ಬಿಟ್ಟರೆ ಊರಲ್ಲಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕೊನೆಗೆ ಗಿರಾಕಿಯ ಸಹಿ. ನಿಮ್ಮ ಕಣ್ಣಿಗೆ ದೊಡ್ಡ ಪ್ರಮಾಣದ ಅಥವಾ ಹೊಸ ಬಗೆಯ ಕೆಲಸ ಮಾತ್ರ ಬರಲಿ, ಅದೂ ಇಂಥ ಗಂಟೆಯೊಳಗೆ ಉತ್ತರ ಬರದಿದ್ದರೆ ಅವರು ಮುಂದುವರಿಯಬಹುದು ಎಂಬ ಷರತ್ತಿನ ಮೇಲೆ.

ಮೆಷಿನ್‌ಮ್ಯಾನ್‌ಗೆ ಇನ್ನೊಂದು ಅಧಿಕಾರ ಕೊಡಿ: ಬಣ್ಣ ಒಪ್ಪಿಗೆಯಾಗದಿದ್ದರೆ ಯಾರನ್ನೂ ಕೇಳದೆ ಮೆಷಿನ್ ನಿಲ್ಲಿಸುವುದು. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಹಗ್ಗ ಎಳೆದು ತೊಂದರೆಯನ್ನು ತಿಳಿಸಬಹುದು, ಅಗತ್ಯಬಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಅಷ್ಟು ದೊಡ್ಡ ಕಂಪನಿಗೆ ಸಾಧ್ಯವಾದದ್ದು ಎಂಟು ಜನರ ಪ್ರೆಸ್ಸಿಗೆ ಸಾಧ್ಯವಿಲ್ಲವೇ?

ಇಷ್ಟಾದ ಮೇಲೆ ಒಂದು ತಪ್ಪು ಆಗಿಯೇ ಆಗುತ್ತದೆ. ಎರಡು ವಾರದಲ್ಲೋ ಎರಡು ತಿಂಗಳಲ್ಲೋ. ಆ ದಿನ ನಿಮ್ಮ ಮುಖವನ್ನು ಎಂಟು ಜನ ನೋಡುತ್ತಿರುತ್ತಾರೆ. ಹಳೆಯ ನಿಯಮ ವಾಪಸ್ ಬಂದರೆ ಮತ್ತೆ ಅವರು ನಿಮ್ಮನ್ನು ನಂಬುವುದಿಲ್ಲ, ಮೂರನೇ ಅವಕಾಶ ಇಲ್ಲ ಎಂದುಕೊಳ್ಳಿ. ಪ್ರತಿ ಕೆಲಸಕ್ಕೂ ಬಣ್ಣ ಹೊಂದಿಸುವುದಕ್ಕೆಂದು ಇಷ್ಟು ಹಾಳೆ ವೇಸ್ಟೇಜ್ ಬಿಡುತ್ತೀರಲ್ಲ, ಅದನ್ನು ನಷ್ಟ ಎಂದು ಯಾರೂ ಅಳುವುದಿಲ್ಲ. ಜನರ ಕೆಲಸಕ್ಕೂ ಅಷ್ಟು ಅಂಚು ಬಿಡಿ. ಪುನಃ ಮುದ್ರಣಕ್ಕೆಂದು ವರ್ಷಕ್ಕೆ ಒಂದು ಮೊತ್ತ ಬದಿಗಿಟ್ಟರೆ ಆ ದಿನ ನಿಮ್ಮ ರಕ್ತದೊತ್ತಡಕ್ಕೂ ಒಳ್ಳೆಯದು.

ಬಾಗಿಲ ಹೊರಗಿನ ಒಂದು ಸಂಗತಿಯೂ ಇದೆ. ಅಮೆರಿಕದ ಮಿಷಿಗನ್‌ನಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರ ಮೇಲೆ ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವರು ಐದು ನಿಮಿಷ ಮಾತಾಡಿದರು, ಅಷ್ಟೇ. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆದ ಸಮಯ 142 ಶೇಕಡಾ, ತಂದ ಹಣ 171 ಶೇಕಡಾ ಹೆಚ್ಚಿತ್ತು. ನಿಮ್ಮ ಬೈಂಡಿಂಗ್‌ನವರು ವರ್ಷಕ್ಕೆ ಎಷ್ಟು ಮದುವೆ ಕಾಗದ ಮಡಚುತ್ತಾರೋ, ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡ ತಾಯಿಯ ಮುಖವನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ. ಕಟ್ಟು ಕೊಡುವಾಗ ಗಿರಾಕಿಯನ್ನು ಕೌಂಟರಿನಲ್ಲೇ ನಿಲ್ಲಿಸಬೇಡಿ, ಒಳಗೆ ಕರೆದುಕೊಂಡು ಬನ್ನಿ. 'ಇವರು ಮಾಡಿದ್ದು' ಎಂದು ಕೈ ತೋರಿಸಿ. ದೇವಸ್ಥಾನದವರು ಪ್ರಸಾದ ಕೊಟ್ಟರೆ ಅದು ನಿಮ್ಮ ಮನೆಗೆ ಹೋಗುವ ಮೊದಲು ಮೆಷಿನ್ ರೂಮಿಗೆ ಹೋಗಲಿ.

ಟೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಎಂಬ ಸಂಶೋಧಕರು ಏಳು ಕಂಪನಿಗಳ 26 ತಂಡಗಳ 238 ಜನರಿಂದ ದಿನಚರಿ ಬರೆಸಿ, ಸುಮಾರು 12,000 ದಿನಗಳ ಬರಹ ಓದಿದರು. ಒಳ್ಳೆಯ ದಿನ ಎಂದು ಜನ ಬರೆದದ್ದರ ಹಿಂದೆ ಬೇರೆಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಒಂದೇ: ಅವತ್ತು ಕೆಲಸ ಒಂದು ಹೆಜ್ಜೆ ಮುಂದೆ ಹೋಗಿತ್ತು. ಹೊಗಳಿಕೆ, ಇನಾಮು ಎಲ್ಲ ಆಮೇಲೆ. ಅದಕ್ಕೇ ಹನ್ನೊಂದರಿಂದ ಐದರವರೆಗೆ ನಿಂತ ಮೆಷಿನ್ನಿನ ಬಗ್ಗೆ ಇಷ್ಟು ಹೇಳಿದೆ.

ವಿಶ್ರಾಂತಿಯ ಮಾತು ಹೇಳದೆ ಮುಗಿಸಲಾರೆ. ನಮ್ಮ ಊರಿನ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತುಳು ಪಂಚಾಂಗದ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಗೆ, ಪತ್ತನಾಜೆ. ಅಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮ ನಿಲ್ಲುತ್ತವೆ. ಆರು ತಿಂಗಳು ರಾತ್ರಿಯಿಡೀ ಕುಣಿದವರಿಗೆ ಇನ್ನೂ ಸ್ವಲ್ಪ ಹುರುಪು ತನ್ನಿ ಎಂದು ಯಾರೂ ಹೇಳುವುದಿಲ್ಲ, ಹೋಗಿ ಬನ್ನಿ ಎನ್ನುತ್ತಾರೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಮೀನು ಮೊಟ್ಟೆ ಇಡುವ ಕಾಲ ಎಂದು ಆ ನಿಷೇಧ, ಆದರೆ ಬಲೆ ರಿಪೇರಿಯಾಗುವುದೂ ಆಗಲೇ. ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲದ್ದರಿಂದ ನಿಮ್ಮಲ್ಲೂ ಕಾಗದದ ಕೆಲಸ ಇಳಿಯುತ್ತದೆ. ಆ ತಿಂಗಳನ್ನು ಹಳೆ ಬಾಕಿ ಎಳೆಯಲು ಬಳಸಬೇಡಿ. ಸರದಿಯಲ್ಲಿ ಒಬ್ಬೊಬ್ಬರಿಗೂ ಸಂಬಳ ಸಹಿತ ಒಂದು ವಾರ ರಜೆ ಕೊಡಿ, ಮೆಷಿನ್ ಬಿಚ್ಚಿ ತೊಳೆಯಿರಿ, ಡಿಸೈನ್ ಹುಡುಗಿಗೆ ಹೊಸ ಸಾಫ್ಟ್‌ವೇರ್ ಕಲಿಯಲು ಹೊತ್ತು ಕೊಡಿ. ನೀವೂ ಒಂದು ವಾರ ಹೋಗಿ ಬನ್ನಿ. ನಿಮ್ಮ ಪತ್ರದ ಅಕ್ಷರದಲ್ಲಿ ನಿಮ್ಮ ದಣಿವೂ ಕಾಣುತ್ತಿದೆ.

ಇಷ್ಟೆಲ್ಲ ಮಾಡಿದರೂ ಒಬ್ಬಿಬ್ಬರು ಹೋಗಬಹುದು. ಮನಸ್ಸು ಆಗಲೇ ಹೊರಗಿಟ್ಟವರನ್ನು ಒಳ್ಳೆಯ ಮಾತಿನಲ್ಲಿ ಕಳಿಸಿಕೊಡಿ, ಉಳಿದವರು ನಿಮ್ಮನ್ನು ಅದರಲ್ಲೇ ಅಳೆಯುತ್ತಾರೆ. ಯಾರಾದರೂ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಅದು ಪ್ರೆಸ್ಸಿನ ಸಮಸ್ಯೆಯೇ ಆಗಿರಬೇಕೆಂದಿಲ್ಲ. ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ಕಾಲ ಬೇಕು ಎಂದು ಕೇಳುತ್ತೀರಿ. ಮೊದಲ ಒಂದು ತಿಂಗಳು ಏನೂ ಬದಲಾದಂತೆ ಕಾಣುವುದಿಲ್ಲ, ಅವರು ನಿಮ್ಮನ್ನು ಪರೀಕ್ಷೆ ಮಾಡುತ್ತಿರುತ್ತಾರೆ. ನಗು, ಹುರುಪು ಹುಡುಕಬೇಡಿ. ಯಾರಾದರೂ ನಿಮ್ಮ ಮಾತಿಗೆ 'ಅದು ಆಗ್ಲಿಕ್ಕಿಲ್ಲ ಸರ್' ಎಂದು ಎದುರು ಹೇಳಿದರೆ ಒಳಗೊಳಗೇ ಸಂತೋಷಪಡಿ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮೀನಿನ ರೇಟಿನ ಬಗ್ಗೆ ಗಟ್ಟಿ ಚರ್ಚೆ ಕೇಳಿದರೆ ಅದೂ ಒಳ್ಳೆಯ ಲಕ್ಷಣವೇ.

ಸಂಬಳದ ವಿಚಾರ, ಒಬ್ಬೊಬ್ಬರ ಜೊತೆಗಿನ ಮಾತು ಮುಗಿದ ಮೇಲಿನ ಸೋಮವಾರ ಬೆಳಿಗ್ಗೆ, ಮೊದಲ ಪ್ಲೇಟ್ ಏರುವ ಮುಂಚೆ, ಎಲ್ಲರನ್ನೂ ಮೆಷಿನ್ ಸುತ್ತ ನಿಲ್ಲಿಸಿ ನಿಯಮ ತೆಗೆದಿರುವುದನ್ನು ಹೇಳಿ. ಐದು ನಿಮಿಷ ಸಾಕು. ಹೇಳಿ ಮುಗಿದ ಮೇಲೆ ಸ್ಕೂಟರ್ ಹತ್ತಿ ನಿಮ್ಮ ಕೆಲಸಕ್ಕೆ ಹೊರಡಿ. ಮಧ್ಯಾಹ್ನದವರೆಗೆ ಫೋನಿಗೆ ಒಂದೂ ಪ್ರೂಫ್ ಬರದಿದ್ದಾಗ ಕೈ ತುರಿಸುತ್ತದೆ, 'ಎಲ್ಲ ಸರಿ ಇದೆಯಾ' ಎಂದು ಒಂದು ಮೆಸೇಜ್ ಹಾಕಿಬಿಡೋಣ ಎನಿಸುತ್ತದೆ. ದಯವಿಟ್ಟು ಹಾಕಬೇಡಿ.